ಉಳಿದ ಮದ್ದು ಯಾರದು?

ನಮ್ಮ ಗಡಿನಾಡಿನಲ್ಲಿ ‘ಮದ್ದು’ ಎಂಬ ಒಂದೇ ಮಾತು ಎಷ್ಟೊಂದು ಅರ್ಥಗಳನ್ನು ಹೊತ್ತು ನಡೆಯುತ್ತದೆ! ಜ್ವರ ಬಂದವರಿಗೆ ಕೊಡುವುದು ಮದ್ದು. ಅಡಿಕೆಗೆ ಕೊಳೆರೋಗ ತಗಲದಿರಲೆಂದು ಮಳೆಗಾಲ ಹಿಡಿಯುವ ಮೊದಲು ಬಿಡುವ ಮೈಲುತುತ್ತು, ಸುಣ್ಣದ ದ್ರಾವಣವೂ ಮದ್ದು. ಬಂಡೆ ಒಡೆಯಲು ತುಂಬುವುದೂ ಮದ್ದೇ. ಹಗೆಯವರು ಅನ್ನದಲ್ಲಿ ಕಲಸಿ ಹಾಕಿದರಂತೆ ಎಂದು ಹಿಂದಿನವರು ಪಿಸುಗುಟ್ಟುತ್ತಿದ್ದುದೂ ಮದ್ದೇ.

ಈ ಒಂದು ಪದದೊಳಗೆ ನಮ್ಮ ಹಿರಿಯರ ತಿಳಿವಳಿಕೆ ಅಡಗಿದೆ. ಗುಣಪಡಿಸುವ ವಸ್ತು ಬೇರೆ, ಕೊಲ್ಲುವ ವಸ್ತು ಬೇರೆ ಎಂದು ಅವರು ಎಣಿಸಲಿಲ್ಲ. ಯಾರಿಗೆ, ಎಷ್ಟು, ಯಾವಾಗ ಎಂಬ ಮೂರು ಮಾತುಗಳೇ ಒಂದು ವಸ್ತುವನ್ನು ಅಮೃತವಾಗಿಯೋ ವಿಷವಾಗಿಯೋ ಮಾಡುತ್ತವೆ. ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಇರುವುದೂ ಆ ಮೂರೇ ಮಾತು. ರೋಗ ವಾಸಿಯಾದ ದಿನ, ವೈದ್ಯರು ಬೇರೆ ಗುಳಿಗೆ ಬರೆದ ದಿನ, ಅಥವಾ ರೋಗಿಯೇ ನಮ್ಮನ್ನು ಅಗಲಿದ ದಿನ ಆ ಚೀಟಿಯ ಮಾತು ಮುಗಿಯುತ್ತದೆ. ಮದ್ದು ಮಾತ್ರ ಕಪಾಟಿನಲ್ಲಿ ಉಳಿಯುತ್ತದೆ. ಇಂಥವರಿಗೆ ಎಂದಿಲ್ಲದ, ಇಷ್ಟು ಎಂದಿಲ್ಲದ, ಇಂಥ ಹೊತ್ತಿಗೆ ಎಂದಿಲ್ಲದ ಆ ಮದ್ದು ಯಾರದು? ಅದರ ಹೊಣೆ ಯಾರ ಮೇಲಿದೆ? ಕ್ಷುಲ್ಲಕವೆಂದು ತೋರುವ ಈ ಪ್ರಶ್ನೆ, ಕೆದಕಿದಷ್ಟೂ ಧರ್ಮದ ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ.

ಮೊದಲಿಗೆ, ಮದ್ದು ಏಕೆ ಉಳಿಯುತ್ತದೆ ಎಂಬುದನ್ನು ನೋಡೋಣ. ಅಲಕ್ಷ್ಯವೊಂದೇ ಇದಕ್ಕೆ ಕಾರಣವೆನ್ನುವುದು ಅನ್ಯಾಯ. ಐದು ಗುಳಿಗೆ ಸಾಕಾಗುವಲ್ಲಿ ಹತ್ತರ ಪಟ್ಟಿಯನ್ನೇ ಕೊಳ್ಳಬೇಕಾಗುತ್ತದೆ. ಒಂದು ಮದ್ದು ಮೈಗೆ ಒಗ್ಗದೆ ವೈದ್ಯರು ಇನ್ನೊಂದನ್ನು ಬರೆಯುತ್ತಾರೆ. ಕಣ್ಣಿಗೆ ಬಿಡುವ ಹನಿಮದ್ದಿನ ಸೀಸೆಯನ್ನು ತೆರೆದ ಕೆಲವೇ ವಾರಗಳಲ್ಲಿ ಬಿಟ್ಟುಬಿಡಬೇಕಾಗುತ್ತದೆ. ನಮ್ಮ ಕಡೆಯವರಿಗೆ ಇವುಗಳ ಜೊತೆಗೆ ಮತ್ತೊಂದು ಕಾರಣವಿದೆ. ಕಾಸರಗೋಡು, ಮಂಜೇಶ್ವರದ ಕಡೆಯಿಂದ ದೊಡ್ಡ ಕಾಯಿಲೆಗೆಂದು ಹೊರಟವರು ತಲೆಮಾರುಗಳಿಂದ ಮಂಗಳೂರಿನ ದಾರಿಯನ್ನೇ ಹಿಡಿದವರು. ಅಲ್ಲಿ ಬರೆದ ಮದ್ದು ಇಲ್ಲಿ ಸಿಕ್ಕೀತೋ ಇಲ್ಲವೋ ಎಂಬ ಸಂಶಯದಿಂದ ತಿಂಗಳಿಗೆ ಬೇಕಾದಲ್ಲಿ ಮೂರು ತಿಂಗಳದ್ದನ್ನು ಕಟ್ಟಿಸಿಕೊಂಡು ಬರುವುದು ರೂಢಿ. 2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ಭಯದಿಂದ ತಲಪಾಡಿಯ ಗಡಿ ಮುಚ್ಚಿದಾಗ ಆ ಸಂಶಯ ದಿಟವಾಯಿತು. ವ್ಯಾಜ್ಯ ಹೈಕೋರ್ಟು, ಸುಪ್ರೀಂ ಕೋರ್ಟುಗಳ ತನಕ ಹೋಯಿತು. ಅಂದಿನಿಂದ ನಮ್ಮ ಎಷ್ಟೋ ಮನೆಗಳಲ್ಲಿ ಮದ್ದಿನ ಡಬ್ಬಿ ಇನ್ನಷ್ಟು ದೊಡ್ಡದಾಗಿದೆ. ಆದುದರಿಂದ ಉಳಿದ ಮದ್ದಿನ ಪ್ರತಿಯೊಂದು ಪಟ್ಟಿಯ ಹಿಂದೆ ಒಂದು ಅಂಜಿಕೆಯೋ, ಒಂದು ಆರೈಕೆಯೋ, ಒಂದು ಅಗಲಿಕೆಯೋ ಇದೆ. ಅದನ್ನು ಕಸವೆಂದು ಕರೆಯಲು ನಾಲಗೆ ಏಳದಿರುವುದು ಸಹಜ.

ಮನೆಯಲ್ಲಿ ಉಳಿದ ಯಾವುದೇ ವಸ್ತುವಿನ ಬಗ್ಗೆ ನಮಗೆ ಪರಂಪರೆಯಿಂದ ಬಂದ ದಾರಿಗಳು ಮೂರು: ಉಳಿಸುವುದು, ಹಂಚುವುದು, ಎಸೆಯುವುದು. ಮೊದಲೆರಡು ಗುಣಗಳೆಂದೂ ಮೂರನೆಯದು ಅನಿವಾರ್ಯವೆಂದೂ ಕಲಿತು ಬೆಳೆದವರು ನಾವು. ಮದ್ದಿನ ವಿಷಯದಲ್ಲಿ ಈ ಮೂರೂ ನಮಗೆ ಕೈಕೊಡುತ್ತವೆ. ಒಂದೆಡೆ ಗುಣವಾದುದು ಇನ್ನೊಂದೆಡೆ ದೋಷವಾಗಬಹುದೆಂಬ ಪಾಠವನ್ನು ಕಪಾಟಿನ ಮೂಲೆಯಲ್ಲಿರುವ ಈ ಪುಟ್ಟ ಡಬ್ಬಿ ಕಲಿಸುತ್ತದೆ.

ಉಳಿಸುವುದನ್ನು ಮೊದಲು ತೆಗೆದುಕೊಳ್ಳೋಣ. ಮಿತವ್ಯಯ ನಮ್ಮ ಹಿರಿಯರ ದೊಡ್ಡ ಗುಣ. ಹಲಸಿನ ಬೀಜವನ್ನು ಮಣ್ಣು ಹಚ್ಚಿ ಮಳೆಗಾಲಕ್ಕೆ ಇಟ್ಟವರು, ಅಡಿಕೆ ಹಾಳೆಯನ್ನು ಕೂಡ ವ್ಯರ್ಥ ಮಾಡದವರು ಅವರು. ಅದೇ ಕೈ ನೂರಾರು ರೂಪಾಯಿ ಕೊಟ್ಟು ತಂದ ಮದ್ದನ್ನು ಹೇಗೆ ಬಿಟ್ಟೀತು? ‘ಇರಲಿ, ಯಾವಾಗಲಾದರೂ ಬೇಕಾದೀತು’ ಎಂದು ಎತ್ತಿಡುತ್ತದೆ. ಆದರೆ ಹಲಸಿನ ಬೀಜ ಯಾರ ಹೊಟ್ಟೆಗಾದರೂ ಆಹಾರವೇ. ಮದ್ದು ಹಾಗಲ್ಲ. ಕೊನೆಯ ದಿನಾಂಕ ಕಳೆದ ಮರುದಿನವೇ ಅದು ವಿಷವಾಗುತ್ತದೆಂದಲ್ಲ. ಅಲ್ಲಿಂದ ಮುಂದೆ ಅದರ ಗುಣಕ್ಕೆ ಯಾರೂ ಜವಾಬುದಾರರಲ್ಲ ಎಂಬುದೇ ಅದರ ಅರ್ಥ. ಅದಕ್ಕಿಂತ ಹೆಚ್ಚಿನ ಅಪಾಯ ಡಬ್ಬಿಯಲ್ಲಿಯೇ ಇದೆ. ಅಜ್ಜನ ರಕ್ತದೊತ್ತಡದ ಗುಳಿಗೆಯೂ ಮೊಮ್ಮಗನ ಶೀತದ ಗುಳಿಗೆಯೂ ಒಂದೇ ಬಣ್ಣದವಾಗಿರಬಹುದು. ಪಟ್ಟಿಯನ್ನು ಕತ್ತರಿಸಿದಾಗ ಹೆಸರು ಒಂದು ತುಂಡಿನಲ್ಲಿಯೂ ದಿನಾಂಕ ಇನ್ನೊಂದು ತುಂಡಿನಲ್ಲಿಯೂ ಉಳಿಯುತ್ತದೆ. ಕಣ್ಣು ಮಂಜಾದ ಹಿರಿಯರಿಗೂ ಬಣ್ಣದ ಗುಳಿಗೆಯನ್ನು ಮಿಠಾಯಿಯೆಂದು ತಿಳಿಯುವ ಮಗುವಿಗೂ ಆ ಡಬ್ಬಿಯಲ್ಲಿ ಭೇದ ಕಾಣುವುದಿಲ್ಲ. ಮನೆಯಲ್ಲಿ ಮನಸ್ಸು ಮುರಿದವರೊಬ್ಬರು ಇದ್ದರಂತೂ ಆ ಡಬ್ಬಿಯ ಅಪಾಯವನ್ನು ವಿವರಿಸಬೇಕಾಗಿಲ್ಲ.

ಹಂಚುವುದು ಇನ್ನೂ ಕಠಿನವಾದ ಪ್ರಶ್ನೆ. ಇಲ್ಲಿ ನಮ್ಮ ಎದುರಿಗಿರುವುದು ಲೋಭವಲ್ಲ, ಕರುಣೆ. ತೀರಿಹೋದ ತಂದೆಯವರ ದುಬಾರಿ ಗುಳಿಗೆಗಳು ಇನ್ನೂ ಪೆಟ್ಟಿಗೆಯಲ್ಲಿವೆ. ಪಕ್ಕದ ಮನೆಯ ಬಡ ಮುದುಕನಿಗೂ ಅದೇ ಕಾಯಿಲೆ. ಕೊಡುವುದು ಪುಣ್ಯವಲ್ಲವೇ? ಎಸೆಯುವುದೇ ಪಾಪವಲ್ಲವೇ? ಈ ಮಾತನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಆದರೆ ದಾನದ ವಿಚಾರದಲ್ಲಿ ನಮ್ಮವರು ದೇಶ, ಕಾಲ, ಪಾತ್ರಗಳನ್ನು ನೋಡಬೇಕೆಂದು ಹೇಳುತ್ತ ಬಂದುದು ಸುಮ್ಮನೆ ಅಲ್ಲ. ಕೊಡುವವನ ಮನಸ್ಸು ಒಳ್ಳೆಯದಾದ ಮಾತ್ರಕ್ಕೆ ಕೊಟ್ಟದ್ದು ಒಳ್ಳೆಯದಾಗುವುದಿಲ್ಲ. ಅದೇ ಹೆಸರಿನ ಕಾಯಿಲೆಯಿದ್ದರೂ ಅವರ ಮೂತ್ರಪಿಂಡ ಬೇರೆ, ಅವರು ತೆಗೆದುಕೊಳ್ಳುತ್ತಿರುವ ಇತರ ಮದ್ದುಗಳು ಬೇರೆ, ಅವರಿಗೆ ಬೇಕಾದ ಪ್ರಮಾಣ ಬೇರೆ. ನಾವು ಕೊಟ್ಟ ಗುಳಿಗೆಯಿಂದ ಅವರಿಗೆ ತೊಂದರೆಯಾದರೆ ನಮ್ಮ ಪುಣ್ಯ ಎಲ್ಲಿ ಹೋಯಿತು?

ಈ ಪ್ರಶ್ನೆಯನ್ನು ಲೋಕವೂ ಎದುರಿಸಿದೆ. 1992ರಿಂದ 1996ರ ನಡುಭಾಗದವರೆಗೆ, ಯುದ್ಧದಿಂದ ನೊಂದ ಬೋಸ್ನಿಯಾ ದೇಶಕ್ಕೆ ನಾನಾ ಕಡೆಗಳಿಂದ ಔಷಧಗಳ ದಾನ ಹರಿದುಬಂತು. ಅದರಲ್ಲಿ ಸುಮಾರು 17,000 ಟನ್ ಉಪಯೋಗಕ್ಕೆ ಬಾರದ್ದೆಂದು ಅಂದಾಜಾಯಿತು. ಅವಧಿ ಮುಗಿದದ್ದು, ಹೆಸರು ತಿಳಿಯದ್ದು, ಅಲ್ಲಿ ಯಾರಿಗೂ ಬೇಡದ್ದು ಎಲ್ಲವೂ ಅದರಲ್ಲಿತ್ತು. ನೊಂದವರ ಹೆಗಲಿಗೆ ಕಸವನ್ನು ಸಾಗಿಸುವ ಹೊರೆಯೂ ಸೇರಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧದಾನಕ್ಕೆ ಮಾರ್ಗಸೂಚಿಯನ್ನು ಹೊರಡಿಸಿ, ರೋಗಿಗಳಿಗೆ ಕೊಟ್ಟು ಮರಳಿ ಬಂದ ಮದ್ದನ್ನು ದಾನ ಮಾಡಬಾರದೆಂದು ಸ್ಪಷ್ಟವಾಗಿ ಹೇಳಿತು. ತನಗೆ ಬೇಡವಾದುದನ್ನು ಬಡವನಿಗೆ ಕೊಟ್ಟು ದಾನವೆಂದು ಕರೆಯುವುದರಲ್ಲಿ ಒಂದು ಸೂಕ್ಷ್ಮವಾದ ಅಗೌರವವಿದೆ ಎಂಬುದನ್ನು ಆ ನಿಯಮ ಎತ್ತಿ ತೋರಿಸುತ್ತದೆ. ನಮ್ಮ ಮಗುವಿಗೆ ಕೊಡಲು ಹಿಂಜರಿಯುವ ಮದ್ದು ಇನ್ನೊಬ್ಬರ ಮಗುವಿಗೆ ಹೇಗೆ ಸಾಕಾದೀತು?

ಹಾಗೆಂದು ಕರುಣೆಯ ಬಾಗಿಲನ್ನು ಮುಚ್ಚಬೇಕಾಗಿಲ್ಲ. ಕೇರಳದಲ್ಲಿ ಉಪಶಮನ ಚಿಕಿತ್ಸೆಯ ಘಟಕಗಳು ಊರೂರಿಗೂ ಹಬ್ಬಿವೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಮೊಳೆತ ಆ ಸೇವೆಗೆ 2008ರಲ್ಲಿ ಸರಕಾರವೇ ನೀತಿಯೊಂದನ್ನು ರೂಪಿಸಿತು. ಬಿಚ್ಚದ, ಅವಧಿಯಿರುವ ಮದ್ದು ನಮ್ಮಲ್ಲಿದ್ದರೆ ಅಂಥ ಘಟಕದ ವೈದ್ಯರಲ್ಲಿ ಕೇಳಬಹುದು. ಅವರು ನೋಡಿ, ಸರಿಯೆಂದು ತೋರಿದರೆ, ತಮ್ಮ ಹೊಣೆಯಲ್ಲಿ ಸ್ವೀಕರಿಸಲಿ. ಬೇಡವೆಂದರೆ ಆ ನಿರಾಕರಣೆಯನ್ನು ನಾವು ಗೌರವಿಸಬೇಕು. ಯಾರಿಗೆ, ಎಷ್ಟು, ಯಾವಾಗ ಎಂಬ ಮೂರು ಮಾತುಗಳನ್ನು ಮತ್ತೆ ಆಡಬಲ್ಲವರ ಮೂಲಕ ಹೋದಾಗ ಮಾತ್ರ ಉಳಿದ ಮದ್ದು ಪುನಃ ಮದ್ದಾಗುತ್ತದೆ.

ಹಂಚುವುದರಲ್ಲಿ ಇನ್ನೊಂದು ಬಗೆಯಿದೆ. ಅದು ಆಂಟಿಬಯೋಟಿಕ್‌ಗಳ ಸಂಗತಿ. ಹೋದ ಸಲ ಉಳಿದ ನಾಲ್ಕು ಗುಳಿಗೆಯನ್ನು ಈ ಸಲದ ಜ್ವರಕ್ಕೆ ನುಂಗುವುದು, ನೆಂಟರಿಗೂ ಎರಡು ಕೊಡುವುದು ನಮ್ಮಲ್ಲಿ ತೀರ ಸಾಮಾನ್ಯ. ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ ಈ ಬಗ್ಗೆ ಎಚ್ಚರಿಸಿದ್ದರು. ಸಾಲದಷ್ಟು ಮದ್ದು ತಿಂದರೆ ರೋಗಾಣುಗಳು ಸಾಯದೆ, ಆ ಮದ್ದನ್ನು ತಾಳಿಕೊಳ್ಳುವುದನ್ನು ಕಲಿಯುತ್ತವೆ ಎಂಬುದು ಅವರ ಮಾತಿನ ಸಾರ. ಹಾಗೆ ಕಲಿತ ರೋಗಾಣು ತಿಂದವನಲ್ಲಿಯೇ ಉಳಿಯುವುದಿಲ್ಲ. ಅದು ಅವನ ಮನೆಯವರಿಗೆ, ಪಕ್ಕದ ಹಾಸಿಗೆಯ ರೋಗಿಗೆ, ಎಂದೂ ಕಾಣದ ಒಬ್ಬ ಅಪರಿಚಿತನಿಗೆ ದಾಟುತ್ತದೆ. ಕೇರಳ ಸರಕಾರ 2018ರಲ್ಲಿ ಇದಕ್ಕೆಂದೇ ಕ್ರಿಯಾಯೋಜನೆ ರೂಪಿಸಿದ್ದೂ, 2024ರಲ್ಲಿ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರದಂತೆ ಅಂಗಡಿಗಳಲ್ಲಿ ತಪಾಸಣೆ ನಡೆಸಿದ್ದೂ ಈ ಕಾರಣಕ್ಕೆ. ಆದರೆ ಅಂಗಡಿಯಲ್ಲಿ ತಡೆದ ಮದ್ದು ಮನೆಯ ಡಬ್ಬಿಯಲ್ಲಿ ಚೀಟಿಯಿಲ್ಲದೆ ಸಿಗುತ್ತಿದ್ದರೆ ತಡೆದು ಏನು ಫಲ?

ಇನ್ನು ಮೂರನೆಯ ದಾರಿ, ಎಸೆಯುವುದು. ‘ಹೊರಗೆ ಎಸೆದೆ’ ಎನ್ನುತ್ತೇವೆ. ಹೊರಗೆಂಬುದು ಎಲ್ಲಿದೆ? ನಮ್ಮ ನೆಲ ಮುರಕಲ್ಲಿನದು. ಅದು ನೀರನ್ನು ಸೋಸಿ ಒಳಗೆ ಇಳಿಸುತ್ತದೆ. ಬಾಯಾರು, ಪಡ್ರೆಯಂಥ ಊರುಗಳಲ್ಲಿ ಹಿರಿಯರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದರು. ಅಂಗಳದ ಬಾವಿಯಿಲ್ಲದ ಮನೆ ನಮ್ಮಲ್ಲಿ ಅಪರೂಪ. ತೆಂಗಿನ ಬುಡದಲ್ಲಿ ಹೂತ ಗುಳಿಗೆಗೂ ಬಾವಿಗೂ ನಡುವೆ ಇರುವುದು ಕೆಲವು ಕೋಲು ಮಣ್ಣು ಮಾತ್ರ. ತೋಡಿಗೆ ಸುರಿದ ಸಿರಪ್ಪು ಹೊಳೆಯನ್ನು ಸೇರುತ್ತದೆ. ಪಯಸ್ವಿನಿ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ಗಡಿಯನ್ನು ಯಾರನ್ನೂ ಕೇಳದೆ ದಾಟಿ, ಚಂದ್ರಗಿರಿಯಾಗಿ ಕಡಲನ್ನು ಸೇರುತ್ತದೆ. ಸುಳ್ಯದವರ ‘ಹೊರಗೆ’ ಕಾಸರಗೋಡಿನವರ ಕೊಡಪಾನ. ಸುಟ್ಟುಬಿಡೋಣವೆಂದರೆ ಹಿತ್ತಿಲ ಬೆಂಕಿಯ ಬಿಸಿ ಸಾಲದು. ಗುಳಿಗೆಯ ಪ್ಲಾಸ್ಟಿಕ್ ಪಟ್ಟಿ ಅರೆಬೆಂದು ಕೊಡುವ ಹೊಗೆಯೇ ಬೇರೊಂದು ವಿಷ.

ಮದ್ದು ತನ್ನ ಗುರಿಯನ್ನು ಬಿಟ್ಟು ಎಲ್ಲೆಲ್ಲಿ ಅಲೆಯುತ್ತದೆ ಎಂಬುದಕ್ಕೆ ರಣಹದ್ದುಗಳ ಕಥೆಯೇ ಸಾಕ್ಷಿ. ಡೈಕ್ಲೋಫೆನಾಕ್ ಎಂಬುದು ನೋವು ಇಳಿಸುವ ಮದ್ದು. ಅದನ್ನು ದನಗಳಿಗೂ ಕೊಡತೊಡಗಿದರು. ಮದ್ದು ಮೈಯಲ್ಲಿರುವಾಗಲೇ ಸತ್ತ ದನಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಒಂದು ಕಾಲದಲ್ಲಿ ಆಕಾಶ ತುಂಬಿದ್ದ ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತರಷ್ಟು ಅಳಿಯಿತು. ಕಾರಣ 2004ರಲ್ಲಿ ಬೆಳಕಿಗೆ ಬಂತು. 2006ರಲ್ಲಿ ಭಾರತ ದನಗಳಿಗೆ ಆ ಮದ್ದನ್ನು ನಿಷೇಧಿಸಿತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ದನಗಳ ಕೊಟ್ಟಿಗೆಗೆ ಹೋಗುತ್ತಿರುವುದನ್ನು ಕಂಡು 2015ರಲ್ಲಿ ಸೀಸೆಯ ಗಾತ್ರವನ್ನೇ 3 ಮಿಲಿಲೀಟರಿಗೆ ಇಳಿಸಬೇಕಾಯಿತು. ಇಂದು ಕೇರಳದಲ್ಲಿ ರಣಹದ್ದು ಗೂಡು ಕಟ್ಟುವುದು ವಯನಾಡಿನ ಕಾಡಿನಲ್ಲಿ ಮಾತ್ರ. ಅದರಾಚೆಗೆ ನೀಲಗಿರಿಯ ಮೋಯಾರ್ ಕಣಿವೆಯಲ್ಲಿ ಒಂದಷ್ಟು ಉಳಿದಿವೆ. ಎರಡೂ ನಮ್ಮ ಗಡಿನಾಡ ಕನ್ನಡಿಗರು ಬಾಳುತ್ತಿರುವ ನೆಲಗಳೇ. ದನಕ್ಕೆ ಮದ್ದು ಕೊಟ್ಟವರಲ್ಲಿ ಯಾರಿಗೂ ಹದ್ದನ್ನು ಕೊಲ್ಲುವ ಮನಸ್ಸಿರಲಿಲ್ಲ. ಮನಸ್ಸಿಲ್ಲದೆಯೂ ಆಗುವ ಹಿಂಸೆಗೆ ಹೊಣೆ ಯಾರೆಂಬುದೇ ನಮ್ಮ ಕಾಲದ ಮುಖ್ಯ ಧರ್ಮಪ್ರಶ್ನೆ.

ಕಾಸರಗೋಡಿನವರಿಗೆ ಇದನ್ನು ದೂರದ ಉದಾಹರಣೆಗಳಿಂದ ಹೇಳಬೇಕಾಗಿಲ್ಲ. ಗೇರು ತೋಪುಗಳ ಮೇಲೆ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದಾಗ ಅದನ್ನೂ ಮದ್ದೆಂದೇ ಕರೆದಿದ್ದರು. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಅದು ನಡೆಯಿತು. ಪಡ್ರೆ, ಎಣ್ಮಕಜೆಯ ಹೆಸರುಗಳು ಲೋಕಕ್ಕೆ ತಿಳಿದದ್ದು ಆ ನೋವಿನಿಂದ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲಿಯೇ ತಡೆಯಿತು. ಸಿಂಪಡಣೆ ನಿಂತ ಮೇಲೂ ಉಳಿದ ದಾಸ್ತಾನು ವರ್ಷಾನುಗಟ್ಟಲೆ ಗೋದಾಮುಗಳಲ್ಲಿಯೇ ಇತ್ತು. ಹಳೆಯ ಪೀಪಾಯಿಗಳಿಂದ ಹೊಸ ಪೀಪಾಯಿಗಳಿಗೆ ಅದನ್ನು ಎಚ್ಚರದಿಂದ ವರ್ಗಾಯಿಸಬೇಕಾಯಿತು. ಮನೆಯ ನಾಲ್ಕು ಗುಳಿಗೆಗೂ ಆ ಪೀಪಾಯಿಗಳಿಗೂ ಅಜಗಜಾಂತರವಿದೆ, ನಿಜ. ಆದರೆ ಎರಡೂ ಕೇಳುವ ಪ್ರಶ್ನೆ ಒಂದೇ. ತಂದವರು ಬಳಸಿದರು, ಸಾಕಾಯಿತು, ಬಿಟ್ಟರು. ಉಳಿದುದನ್ನು ಮುಗಿಸುವವರು ಯಾರು? ಆ ಪ್ರಶ್ನೆಯನ್ನು ಇತರರಿಗೆ ಕೇಳುತ್ತ ಬಂದ ಈ ಮಣ್ಣು ಅದನ್ನು ತನ್ನ ಮನೆಯ ಕಪಾಟಿಗೂ ಕೇಳಿಕೊಳ್ಳುವುದು ನ್ಯಾಯ.

ಉಳಿಸಿದರೆ ಅಪಾಯ, ಹಂಚಿದರೆ ಅನ್ಯಾಯ, ಎಸೆದರೆ ಹಿಂಸೆ. ಹಾಗಾದರೆ ನಾಲ್ಕನೆಯ ದಾರಿ ಯಾವುದು? ಅದು ಹಿಂದಿರುಗಿಸುವುದು. ಅದೂ ನಮಗೆ ಹೊಸತಲ್ಲ. ಮದುವೆ, ಮುಂಜಿಗೆ ಊರ ಹತ್ತು ಸಮಸ್ತರ ಹಂಡೆ, ಕೊಪ್ಪರಿಗೆಗಳನ್ನು ತಂದವರು ಕೆಲಸ ಮುಗಿದ ಮೇಲೆ ತೊಳೆದು, ಎಣಿಸಿ, ಒಪ್ಪಿಸಿ ಬರುತ್ತಿದ್ದರು. ಒಪ್ಪಿಸುವ ತನಕ ಜಂಬರ ಮುಗಿಯಿತೆಂದು ಯಾರೂ ಹೇಳುತ್ತಿರಲಿಲ್ಲ. ಮದ್ದು ಕೂಡ ಅಂಥ ವಸ್ತು ಎಂದು ತಿಳಿಯಬೇಕು. ಹಣ ಕೊಟ್ಟು ತಂದೆವೆಂಬ ಮಾತ್ರಕ್ಕೆ ಅದು ಅಕ್ಕಿಯಂತೆ ಪೂರ್ತಿ ನಮ್ಮದಾಗುವುದಿಲ್ಲ. ವೈದ್ಯರ ಮಾತು, ಔಷಧಜ್ಞರ ಕೈ, ಸರಕಾರದ ಪರವಾನಿಗೆ ಇವೆಲ್ಲ ಸೇರಿ, ಒಂದು ನಿರ್ದಿಷ್ಟ ಕೆಲಸಕ್ಕಾಗಿ, ನಮ್ಮಲ್ಲಿ ನಂಬಿ ಇರಿಸಿದ ವಸ್ತು ಅದು. ಕೆಲಸ ಮುಗಿದ ಮೇಲೆ ಅದನ್ನು ಕೊನೆಗಾಣಿಸಬಲ್ಲವರ ಕೈಗೆ ಒಪ್ಪಿಸಿದಾಗಲೇ ನಮ್ಮ ಹಕ್ಕೂ ಹೊಣೆಯೂ ಒಟ್ಟಿಗೆ ಮುಗಿಯುತ್ತವೆ.

ಒಪ್ಪಿಸುವುದು ಎಲ್ಲಿ? ಸಹಜವಾದ ಉತ್ತರ, ತಂದಲ್ಲಿಯೇ. ಊರಿನ ಮದ್ದಿನ ಅಂಗಡಿ ಎಲ್ಲರಿಗೂ ಗೊತ್ತಿರುವ ಜಾಗ. ಅಲ್ಲಿ ಮದ್ದನ್ನು ಬಲ್ಲವರಿದ್ದಾರೆ. ಮಾರಾಟವಾಗದೆ ಅವಧಿ ಮೀರಿದ ಮದ್ದನ್ನು ಸಗಟು ವ್ಯಾಪಾರಿಯ ಮೂಲಕ ಕಂಪನಿಗೆ ಮರಳಿಸುವ ರೂಢಿಯೂ ಆ ಅಂಗಡಿಗಳಿಗೆ ಇದೆ. ಮಾರಾಟವಾದ ಮದ್ದಿಗೆ ಮಾತ್ರ ಹೋಗುವ ದಾರಿಯಿದೆ, ಬರುವ ದಾರಿಯಿಲ್ಲ. ಫ್ರಾನ್ಸ್ ದೇಶದಲ್ಲಿ ‘ಸಿಕ್ಲಾಮೆಡ್’ ಎಂಬ ಸಂಸ್ಥೆ 1993ರಿಂದ ಈ ದಾರಿಯನ್ನು ಕಟ್ಟಿದೆ. ಅಲ್ಲಿ ಪ್ರತಿಯೊಂದು ಔಷಧದಂಗಡಿಯೂ ಉಳಿದ ಮದ್ದನ್ನು ಉಚಿತವಾಗಿ ಸ್ವೀಕರಿಸಬೇಕೆಂದು 2007ರಲ್ಲಿ ಕಾನೂನೇ ಆಯಿತು. ಖರ್ಚನ್ನು ಔಷಧ ತಯಾರಕರು ಹೊರುತ್ತಾರೆ.

ನಮ್ಮ ದೇಶದಲ್ಲಿಯೂ ನಿಯಮ ಪೂರ್ತಿ ಮೌನವಾಗಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಅವಧಿ ಮುಗಿದ ಮದ್ದನ್ನು ಮನೆಯ ಅಪಾಯಕಾರಿ ತ್ಯಾಜ್ಯಗಳ ಸಾಲಿನಲ್ಲಿ ಹೆಸರಿಸಿ, ಬೇರೆಯಾಗಿಯೇ ಇಡಬೇಕೆಂದವು. ಕೇರಳದ ಔಷಧ ನಿಯಂತ್ರಣ ಇಲಾಖೆ 2025ರಲ್ಲಿ ‘ಎನ್‌ಪ್ರೌಡ್’ ಎಂಬ ಯೋಜನೆಯನ್ನು ಆರಂಭಿಸಿತು. ಕೋಝಿಕ್ಕೋಡು ನಗರದಲ್ಲಿಯೂ ಉಳ್ಳಿಯೇರಿ ಪಂಚಾಯತಿನಲ್ಲಿಯೂ ಪ್ರಾಯೋಗಿಕವಾಗಿ ನೀಲಿ ಪೆಟ್ಟಿಗೆಗಳನ್ನು ಇರಿಸಿ, ಜನರಿಂದ ಉಳಿದ ಮದ್ದನ್ನು ಸಂಗ್ರಹಿಸಿ, ಎರ್ನಾಕುಳಂನ ತ್ಯಾಜ್ಯ ಸಂಸ್ಕರಣ ಕೇಂದ್ರಕ್ಕೆ ಕಳುಹಿಸಿ ನಾಶಪಡಿಸುವ ಏರ್ಪಾಡು ಅದು. ಅದಕ್ಕೂ ಮೊದಲು ತಿರುವನಂತಪುರದಲ್ಲಿ ಔಷಧ ವ್ಯಾಪಾರಿಗಳ ಸಂಘವೂ ಇಂಥ ಯತ್ನದಲ್ಲಿ ಕೈಜೋಡಿಸಿತ್ತು. ಅದೇ 2025ರಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯೂ ಮಾರ್ಗಸೂಚಿಯನ್ನು ಹೊರಡಿಸಿತು. ಅದರಲ್ಲಿ ಒಂದು ವಿಶೇಷವಿದೆ. ಮಾರ್ಫಿನ್, ಫೆಂಟನಿಲ್ ಮೊದಲಾದ 17 ಔಷಧಗಳನ್ನು ಮಾತ್ರ, ಹಿಂದಿರುಗಿಸಲು ಸಾಧ್ಯವಿಲ್ಲದಿದ್ದರೆ, ಶೌಚಾಲಯದಲ್ಲಿ ಸುರಿದುಬಿಡಬಹುದೆಂದು ಅದು ಹೇಳುತ್ತದೆ. ಮಗುವೊಂದು ತಪ್ಪಿ ಬಾಯಿಗೆ ಹಾಕಿಕೊಂಡರೆ ಒಂದೇ ಗುಳಿಗೆ ಜೀವ ತೆಗೆಯಬಲ್ಲದು. ಆ ಹಾನಿಯ ಎದುರು ನೀರಿನ ಹಾನಿ ಕಿರಿದೆಂಬ ಲೆಕ್ಕಾಚಾರ ಅದು. ಎರಡು ಕೆಡುಕುಗಳಲ್ಲಿ ಕಿರಿದನ್ನು ಆರಿಸುವ ಈ ವಿವೇಕ ಉಳಿದೆಲ್ಲ ಮದ್ದುಗಳಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಈ ವಿಚಾರಕ್ಕೆ ಎದುರಾಗಿ ಎರಡು ಮಾತುಗಳು ಏಳುತ್ತವೆ; ಎರಡೂ ತೂಕದವು. ಮೊದಲನೆಯದು ಹೀಗಿದೆ: ತೆಲಂಗಾಣದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ನೀರನ್ನು ಶುದ್ಧೀಕರಿಸಿ ಬಿಡುವ ಕಡೆ ಲೀಟರಿಗೆ 31 ಮಿಲಿಗ್ರಾಂ ತನಕ ಸಿಪ್ರೊಫ್ಲಾಕ್ಸಾಸಿನ್ ಇತ್ತೆಂದು ಸ್ವೀಡನ್ನಿನ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದರು. ನುಂಗಿದ ಮದ್ದಿನ ಪಾಲೂ ದೇಹದಿಂದ ಹೊರಬಿದ್ದು ನೀರನ್ನೇ ಸೇರುತ್ತದೆ. ಅದರೆದುರು ನಮ್ಮ ಮನೆಯ ಹತ್ತು ಗುಳಿಗೆ ಯಾವ ಲೆಕ್ಕ? ಉತ್ತರವಿಷ್ಟೆ. ದೊಡ್ಡವನ ತಪ್ಪು ಚಿಕ್ಕವನ ತಪ್ಪನ್ನು ಅಳಿಸುವುದಿಲ್ಲ. ಕಾರ್ಖಾನೆಯ ತೂಬನ್ನು ಮುಚ್ಚಿಸಲು ಕಾನೂನು ಬೇಕು, ಹೋರಾಟ ಬೇಕು. ಮನೆಯ ಕಪಾಟನ್ನು ತೆರೆಯಲು ನಮ್ಮ ಕೈ ಸಾಕು. ಮೇಲಾಗಿ ಮಗುವಿನ ಬಾಯಿಗೆ ಹೋಗುವ ಗುಳಿಗೆ ಕಾರ್ಖಾನೆಯಿಂದ ಹರಿದುಬಂದುದಲ್ಲ, ನಮ್ಮ ಡಬ್ಬಿಯದೇ.

ಎರಡನೆಯ ಮಾತು ಅಂಗಡಿಯವರದು. ಪೇಟೆಯ ಸಣ್ಣ ಮದ್ದಿನ ಅಂಗಡಿಯವರೂ ನಮ್ಮವರೇ. ತಾವು ಮಾರದ, ಮಂಗಳೂರಿನಿಂದ ಬಂದ ಮದ್ದನ್ನೂ ಅವರು ಏಕೆ ಹೊರಬೇಕು? ಸಾಗಣೆಯ ಖರ್ಚನ್ನು ಯಾರು ಕೊಡಬೇಕು? ಹಾಗೆ ಬಂದುದನ್ನು ಮತ್ತೆ ಮಾರಿದರೆಂಬ ಅಪವಾದ ಬಂದರೆ? ಇವು ನ್ಯಾಯವಾದ ಪ್ರಶ್ನೆಗಳು. ಅಂಗಡಿ ಒಪ್ಪಿಸಿಕೊಳ್ಳುವ ಕಟ್ಟೆಯಾಗಬಹುದು. ಹೊರೆಯನ್ನು ಅದರ ಮೇಲೆಯೇ ಬಿಡಲಾಗದು. ಬೀಗ ಹಾಕಿದ ಪೆಟ್ಟಿಗೆಯನ್ನು ಇಲಾಖೆ ಕೊಡಬೇಕು, ಸಾಗಣೆಯನ್ನು ಸ್ಥಳೀಯಾಡಳಿತ ನೋಡಿಕೊಳ್ಳಬೇಕು, ಖರ್ಚಿನ ದೊಡ್ಡ ಪಾಲನ್ನು ತಯಾರಿಸಿ ಲಾಭ ಪಡೆದವರು ಹೊರಬೇಕು. ಹಿಂದಿರುಗಿಸುವ ಸ್ಥಳವನ್ನೇ ಕಲ್ಪಿಸದೆ ‘ಹಿಂದಿರುಗಿಸು’ ಎಂದು ಜನರನ್ನು ಗದರಿಸುವುದು ಧರ್ಮವಲ್ಲ. ವ್ಯಕ್ತಿಯ ಹೊಣೆ ಎಲ್ಲಿ ಆರಂಭವಾಗುತ್ತದೋ ಸಮಾಜದ ಹೊಣೆ ಅದಕ್ಕಿಂತ ಒಂದು ಹೆಜ್ಜೆ ಮೊದಲು ಆರಂಭವಾಗಿರಬೇಕು.

ಇಲ್ಲಿಯೇ ನಮ್ಮ ಸಂಘಕ್ಕೂ ಕೆಲಸವಿದೆ. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಗುಳಿಗೆಯ ಮಾತೇಕೆ ಎಂದು ಯಾರಾದರೂ ಕೇಳಿಯಾರು. ತಿಳಿಯದ ಭಾಷೆಯಲ್ಲಿ ಹೇಳಿದ ನಿಯಮವನ್ನು ಪಾಲಿಸಲಿಲ್ಲವೆಂದು ಒಬ್ಬನನ್ನು ದೂರುವುದು ಸರಿಯೇ ಎಂಬುದೂ ನೀತಿಯ ಪ್ರಶ್ನೆಯೇ ಅಲ್ಲವೇ? ಗುಳಿಗೆಯ ಪಟ್ಟಿಯ ಮೇಲೆ ಹೆಸರೂ ದಿನಾಂಕವೂ ಇಂಗ್ಲಿಷಿನಲ್ಲಿವೆ. ಕಚೇರಿಯ ಸೂಚನೆ ಹೆಚ್ಚಾಗಿ ಮಲಯಾಳದಲ್ಲಿ ಬರುತ್ತದೆ. ಕನ್ನಡ ಮಾತ್ರ ಓದಬಲ್ಲ ನಮ್ಮ ಅಜ್ಜಿಗೆ ಎರಡೂ ಮೌನವೇ. ಸೊಲ್ಲಾಪುರ, ಅಕ್ಕಲಕೋಟೆಯಲ್ಲಿ ಮರಾಠಿ, ತಾಳವಾಡಿ, ಹೊಸೂರಿನಲ್ಲಿ ತಮಿಳು, ಆದವಾನಿ, ಮಡಕಶಿರಾದಲ್ಲಿ ತೆಲುಗು ಎಂಬಷ್ಟೇ ವ್ಯತ್ಯಾಸ. ಗಡಿಯಾಚೆಗಿನ ಕನ್ನಡಿಗರೆಲ್ಲರ ಪಾಡೂ ಇದೇ. ಆಡಳಿತದ ಮಾತು ತನ್ನ ನುಡಿಯಲ್ಲಿ ಬೇಕೆಂದು ಕೇಳುವುದನ್ನು ಕೆಲವರು ಅಭಿಮಾನದ ಹಟವೆಂದು ತಿಳಿಯುತ್ತಾರೆ. ಮದ್ದಿನ ವಿಷಯದಲ್ಲಿ ಅದು ಪ್ರಾಣದ ಪ್ರಶ್ನೆ. ಹೊಣೆಯನ್ನು ಹೊರಿಸುವ ಮೊದಲು ತಿಳಿವನ್ನು ಕೊಡಬೇಕು. ತಿಳಿವು ತಾಯಿನುಡಿಯಲ್ಲಿ ಬಂದಾಗಲೇ ಮನೆಯ ಒಳಕೋಣೆಯ ತನಕ ತಲುಪುತ್ತದೆ.

ಆದ್ದರಿಂದ ನಾವು ಕೆಲವು ಕೆಲಸಗಳನ್ನು ನಮ್ಮಲ್ಲಿಯೇ ಆರಂಭಿಸಬಹುದು. ವೈದ್ಯರು ಅನುಮತಿಸಿದರೆ ಮೊದಲ ಸಲ ಕಡಿಮೆ ಗುಳಿಗೆ ಕೊಳ್ಳೋಣ. ಉಳಿಯದ ಮದ್ದಿಗೆ ವಿಲೇವಾರಿ ಬೇಡ. ವರ್ಷಕ್ಕೆರಡು ಬಾರಿ, ಯುಗಾದಿ, ವಿಷು, ಓಣಂ, ದೀಪಾವಳಿಗೆ ಮನೆ ಗುಡಿಸುವಾಗ ಮದ್ದಿನ ಡಬ್ಬಿಯನ್ನೂ ತೆರೆಯೋಣ. ಬೇಡವಾದುದನ್ನು ಅದರ ಪಟ್ಟಿಯಲ್ಲಿಯೇ ಇಟ್ಟು, ಲಕೋಟೆಯ ಮೇಲಿನ ರೋಗಿಯ ಹೆಸರನ್ನು ಅಳಿಸಿ, ಮಕ್ಕಳ ಕೈಗೆಟುಕದಂತೆ ಪ್ರತ್ಯೇಕ ಕಟ್ಟಿಡೋಣ. ಬಾವಿ, ತೋಡು, ಬೆಂಕಿಗಳನ್ನು ಅದರಿಂದ ದೂರವಿಡೋಣ. ನೀಲಿ ಪೆಟ್ಟಿಗೆಯಿರುವಲ್ಲಿ ಅದಕ್ಕೇ ಹಾಕೋಣ. ಇಲ್ಲದಲ್ಲಿ ಹರಿತ ಕರ್ಮ ಸೇನೆಯ ಸೋದರಿಯರಲ್ಲಿ, ಪಂಚಾಯತಿನಲ್ಲಿ, ಇದನ್ನು ಯಾವಾಗ ಹೇಗೆ ಕೊಂಡೊಯ್ಯುವಿರಿ ಎಂದು ಕೇಳೋಣ. ಹಸಿಕಸದೊಡನೆ ಕದ್ದು ಸೇರಿಸಿ ಅವರ ಬರಿಗೈಗೆ ಸಿಕ್ಕಿಸುವುದು ಬೇಡ. ನಮ್ಮ ಊರಿಗೂ ಆ ಪೆಟ್ಟಿಗೆ ಬರಲಿ, ಅದರ ಮೇಲೆ ಕನ್ನಡದಲ್ಲಿಯೂ ಬರೆದಿರಲಿ ಎಂದು ಸಂಘದ ಹೆಸರಿನಲ್ಲಿ ಮನವಿ ಕೊಡೋಣ. ಆ ಬರಹದ ಕನ್ನಡವನ್ನು ಅಜ್ಜಿಗೂ ಅರ್ಥವಾಗುವಂತೆ ಬರೆದುಕೊಡುವುದು ಸಾಹಿತಿಗಳ ಪಾಲಿನ ಕೆಲಸವಾಗಲಿ.

ಸಂಪತ್ತು ಹೆಚ್ಚಿದಂತೆ ಮನುಷ್ಯನಿಗೆ ಕೊಳ್ಳುವುದು ಸುಲಭವಾಗಿದೆ, ಮುಗಿಸುವುದು ಕಷ್ಟವಾಗಿದೆ. ಹಿಂದೆ ಮನೆಯಲ್ಲಿ ಅರೆದ ಕಷಾಯದ ಚರಟ ಬಾಳೆಯ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಇಂದಿನ ಮದ್ದಿಗೆ ಆ ಸರಳ ಅಂತ್ಯವಿಲ್ಲ. ಅದರ ಪ್ರಯೋಜನವನ್ನು ಒಪ್ಪಿಕೊಂಡ ನಾವು ಅದರ ಅಂತ್ಯದ ಕಷ್ಟವನ್ನೂ ಒಪ್ಪಿಕೊಳ್ಳಬೇಕು. ಉಳಿದ ಮದ್ದು, ಸರಿಯಾದ ಕೈಗೆ ಒಪ್ಪಿಸುವ ಕ್ಷಣದ ತನಕ, ನಮ್ಮದೇ.